ಪಕ್ಕಕ್ಕೆ ಹೋದದ್ದು

ಬೆಸೆದವನ ನಂಬರು ಬೆಸುಗೆಯ ಪಕ್ಕದಲ್ಲೇ ಒತ್ತಬೇಕು,
ನಮ್ಮ ಕಾರ್ಖಾನೆಯ ಕಾನೂನು.
ನನ್ನದು ನಲವತ್ತೊಂದು.
ಮೇಟಗಳ್ಳಿಯ ಸೈರನ್ನಿಗೆ ಎದ್ದು ಇಪ್ಪತ್ತೆಂಟು ವರ್ಷ
ಒತ್ತಿದ್ದೇನೆ ಅದನ್ನ, ಹೆಸರು ಬರೆದದ್ದಕ್ಕಿಂತ ಹೆಚ್ಚು ಸಲ.

ಮೊದಲ ಗಾಡಿಯ ತಳ ಚಪ್ಪಟೆ.
ಇಲವಾಲದಾಚೆಯ ಹಾಳು ಕಲ್ಲುಗಣಿಯಲ್ಲಿ
ಮರಳುಮೂಟೆಗಳಿಗೆ ಅಂಗಿ ತೊಡಿಸಿ, ಬೆಲ್ಟು ಬಿಗಿದು, ಕೂರಿಸಿ
ಅಡಿಗೆ ಹತ್ತು ಕೆಜಿ ಇಟ್ಟು ಸಿಡಿಸಿದರು.
ಹೊಗೆ ಇಳಿದ ಮೇಲೆ ಬಾಗಿಲು ತೆಗೆದವನು ನಾನು.
ಒಂದು ಮೂಟೆಯೂ ಮೂಟೆಯಾಗಿ ಉಳಿದಿರಲಿಲ್ಲ,
ಅಂಗಿಯ ಗುಂಡಿಗಳು ಮಾತ್ರ ಸೂರಿಗೆ ಕಚ್ಚಿಕೊಂಡಿದ್ದವು.
ಆವತ್ತು ಕ್ಯಾಂಟೀನಿನಲ್ಲಿ ಯಾರೂ
ಎರಡನೇ ಮುದ್ದೆ ಕೇಳಲಿಲ್ಲ.

ನಕ್ಷೆಯ ಇನಾಯತ್, ಮಂಡಿ ಮೊಹಲ್ಲಾದವನು,
ಕಡಲೆಕಾಯಿ ತಿಂದು ಮುಗಿಸಿದ ಪೊಟ್ಟಣವನ್ನು ಬಿಚ್ಚದೆ
ಚೂಪು ಕೆಳಗೆ ಮಾಡಿ
ಚಿಮ್ಮುವ ಪೈಪಿನ ಬಾಯಿಗೆ ಹಿಡಿದ.
ನೀರು ಸೀಳಿ ಎಡಕ್ಕಷ್ಟು, ಬಲಕ್ಕಷ್ಟು.
ತಳದಲ್ಲಿ ಉಳಿದ ಒಂದು ಕಾಳು ನೆನೆಯಲಿಲ್ಲ.
‘ನೋಡಯ್ಯ, ಇಷ್ಟೇ’ ಅಂದ.

ಇಷ್ಟಕ್ಕೆ ಮೂರು ವರ್ಷ ಹಿಡಿಯಿತು.
ಚೂಪು ಹೆಚ್ಚಾದರೆ ಗಾಡಿ ತಿರುವಿನಲ್ಲಿ ಮಗುಚುತ್ತದೆ,
ಕಡಿಮೆಯಾದರೆ ಬೆಂಕಿ ಒಳಕ್ಕೆ.
ಸೀಟುಗಳನ್ನು ನೆಲಕ್ಕೆ ಬಿಗಿಯದೆ ಸೂರಿಗೆ ತೂಗುಬಿಟ್ಟೆವು,
ತೊಟ್ಟಿಲ ಹಾಗೆ.
ಆ ಉಕ್ಕೋ, ಬಲು ಸಿಡುಕಿನದು:
ಮೊದಲು ಕಾಯಿಸಿ ಒಲಿಸದೆ ಬೆಸೆದರೆ
ಸಂಜೆ ಸುಮ್ಮನಿದ್ದು, ಎಲ್ಲರೂ ಮನೆಗೆ ಹೋದ ಮೇಲೆ
ನಡುರಾತ್ರಿ ತಾನೇ ಬಿರಿಯುತ್ತದೆ.
ಬೆಳಗ್ಗೆ ಕೂದಲೆಳೆಯಷ್ಟು ಗೆರೆ.
ಮತ್ತೆ ಕೊರೆ, ಮತ್ತೆ ಕಾಯಿಸು.

ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು,
ನಮಗೆ ಪೊಟ್ಟಣವೇ.
ಪೊಟ್ಟಣಕ್ಕೆ ಮಕ್ಕಳು ಮರಿ ಹುಟ್ಟಿದವು:
ನಾಲ್ಕು ಸ್ಟ್ರೆಚರಿನದು ಒಂದು,
ಸಾಹೇಬರಿಗೆಂದು ಆಂಟೆನಾಗಳ ಕಾಡು ಹೊತ್ತದ್ದು,
ತೂಪು ಹಾರಿಸಲು ಸೂರೇ ಇಲ್ಲದ್ದು (ಅದನ್ನು ಕಂಡರೆ ನನಗಾಗದು),
ಕ್ರೇನಿನದೊಂದು, ಕೆಟ್ಟು ನಿಂತ ಅಣ್ಣತಮ್ಮಂದಿರನ್ನು ಎಳೆತರಲು.

ಯುದ್ಧ ನಮಗೆ ಕಂಡದ್ದು ಗೂಡ್ಸ್ ರೈಲಿನಲ್ಲಿ.
ಟಾರ್ಪಾಲು ಹೊದ್ದು ಹೋದವು, ಸಾಲಾಗಿ.
ಓಟಿ ದುಡ್ಡಿನಲ್ಲಿ ನಾನು ಫ್ರಿಜ್ ತಂದೆ.

ಹಸ್ತ ಮಳೆ ಹಿಡಿದಾಗ ಒಂದು ವಾಪಸು ಬಂತು.
ಮುಂದಿನ ಎಡಚಕ್ರವಿಲ್ಲ. ಆಕ್ಸಲ್ ಇಲ್ಲ.
ಹೊಟ್ಟೆ ಕಡಾಯಿಯ ತಳದಷ್ಟು ಕಪ್ಪು.
ಮಸಿ ಒರೆಸಿದೆ: ನಲವತ್ತೊಂದು.
ಬೆಸುಗೆ ಬಾಗಿತ್ತು, ಬಾಯಿ ಬಿಟ್ಟಿರಲಿಲ್ಲ.
ಒಳಗೋಡೆಯಲ್ಲಿ ಪೆನ್ಸಿಲಿನ ಕನ್ನಡ:
‘ಇದನ್ನ ಕಟ್ಟಿದೋನು ಕುಳ್ಳನೇ ಇರಬೇಕು.’
ನಗು ಬಂತು. ನಾನು ಐದಡಿ ಎರಡಿಂಚು.

ಬರೆದವನು ಸಂಕ್ರಾಂತಿ ಕಳೆದು ಬಂದ,
ಮದ್ದೂರಿನ ಜವರಪ್ಪ, ಅದರ ಡ್ರೈವರು,
ಬೆನ್ನಿಗೆ ಪಟ್ಟಿ, ಕೈಯಲ್ಲಿ ಆಲೆಮನೆಯ ಬಿಸಿ ಆರದ ಅಚ್ಚುಬೆಲ್ಲ.
‘ಹನ್ನೊಂದು ಜನ ನಡ್ಕಂಡು ಇಳಿದೋ ಕಣಣ್ಣ.’
ನಂಬರಿನ ಮೇಲೆ ಕೈಯಿಟ್ಟು ಕಣ್ಣಿಗೊತ್ತಿಕೊಂಡ.
ಬೇಡ ಅನ್ನಲಿಲ್ಲ ನಾನು.
ಗೇಟಿನವರೆಗೆ ಬಿಡಲು ಹೋದಾಗ
ಬಸ್ಸಿನ ದಿಕ್ಕು ನೋಡುತ್ತ ಹೇಳಿದ:
‘ಆಡು ಮೇಯಿಸೋ ಹುಡುಗ ಒಬ್ಬ ಇದ್ದ ದಾರೀಲಿ.
ನಾವು ಬತ್ತೀವಿ ಅಂತ
ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದ.’

ಬೆಲ್ಲದ ಪಾಲು ಕೊಡಲು ಇನಾಯತನ ಮೇಜಿಗೆ ಹೋದೆ.
ಹುಡುಗನ ಮಾತು ಹೇಳಿದೆ.
ಮುಂದೆ ಹೊಸ ನಕ್ಷೆ, ತಳದ ಎರಡೂ ಮಗ್ಗುಲಿಂದ
ಬೆಂಕಿ ಹೋಗುವ ದಾರಿ, ಕೆಂಪು ಬಾಣಗಳು.
ಕಾಗದದ ಅಂಚಿನವರೆಗೆ ಹೋಗಿ ನಿಂತಿದ್ದವು.
ಅಂಚಿನಾಚೆ ಅವನ ಟೀ ಲೋಟ.

ಏನೂ ಅನ್ನದೆ
ಲೋಟವನ್ನು ಇನ್ನೊಂದು ಗೇಣು ದೂರ ಸರಿಸಿದ.