ಎರಡನೇ ನಲ್ಲಿ

ಡಾಂಬರು ಬರುವ ಮುಂಚೆ
ನಮ್ಮ ಅಡ್ಡರಸ್ತೆಗೊಂದು ನಡಿಗೆಯಿತ್ತು.
ಗುಂಡಿಗೊಂದು ಬಗ್ಗು, ಕಲ್ಲಿಗೊಂದು ಸುತ್ತು;
ಗ್ಯಾಸಿನ ಗಾಡಿಯೂ ಇಲ್ಲಿ
ತುಂಬು ಬಸುರಿಯ ಹಾಗೆ ಹೆಜ್ಜೆ ನೋಡಿ ಇಡುತ್ತಿತ್ತು.
ಬೈಯುತ್ತಿದ್ದೆವು. ಸುಳ್ಳೇಕೆ, ಬಾಯ್ತುಂಬ ಬೈಯುತ್ತಿದ್ದೆವು.
ರಸ್ತೆ ಸರಿಮಾಡಿ ಎಂದು ಅರ್ಜಿ ಬರೆದವಳು ನಾನೇ.

ಮಾರ್ಚಿ ಮುಗಿಯುವುದರೊಳಗೆ ದುಡ್ಡು ಮುಗಿಯಬೇಕಿತ್ತಂತೆ,
ರಾತ್ರೋರಾತ್ರಿ ಡಾಂಬರು ಬಂತು.
ಗೌರಿ ಕಾಲುವೆಯ ಈ ತುದಿಯಿಂದ ಆ ತುದಿಗೆ
ಇಸ್ತ್ರಿ ಹಾಕಿದ ಕರಿ ಪ್ಯಾಂಟಿನ ಕಾಲು,
ಒಂದೇ ಒಂದು ಸುಕ್ಕಿಲ್ಲ.

ಮುಂದಿನ ಶನಿವಾರ
ಯಾರದೋ ಫೋನಿನೊಳಗಿನ ಹೆಂಗಸು
ಎಡಕ್ಕೆ ತಿರುಗಿ ಅಂದಳಂತೆ.
ಅಷ್ಟೇ.
ಮುಳ್ಳಯ್ಯನಗಿರಿಗೆ ಹೊರಟವರೆಲ್ಲ ಎಡಕ್ಕೆ ತಿರುಗಿದರು.
ಸಿಗ್ನಲ್ ತಪ್ಪಿಸಿ, ಚಿಕ್ಕಮಗಳೂರಿನ ಪೇಟೆ ತಪ್ಪಿಸಿ,
ನಮ್ಮ ಹೊಸ್ತಿಲಿಗೆ ಮೂರು ಮೊಳ ಬಿಟ್ಟು ನುಗ್ಗಿದರು,
ತಡವಾದರೆ ಬೆಟ್ಟ ಎದ್ದು ಹೋಗುತ್ತದೆ ಅನ್ನುವ ಹಾಗೆ.

ನನ್ನ ಹೊಲಿಗೆ ಮಿಷನ್ನಿನ ಮುಖ ಬಾಗಿಲಿಗೆ.
ಕಾರು ಹೋದಾಗೆಲ್ಲ ಸೂಜಿಯ ದಾರ ಅದುರುತ್ತದೆ.
ಅವಕ್ಕೆ ಮುಖವಿಲ್ಲ. ಕಪ್ಪು ಗಾಜು, ಒಂದು ಜೂಯ್.

ತೀರ್ಥಪ್ಪನವರು ಎದುರಂಗಡಿಯ ಬೆಂಕಿಪೊಟ್ಟಣಕ್ಕೆ
ಇಪ್ಪತ್ತೇಳರವರೆಗೆ ಎಣಿಸಿ ದಾಟುತ್ತಾರೆ.
ಲಿಲ್ಲಿಬಾಯಿಯ ಕೋಳಿ ಎಣಿಸಲು ಕಲಿಯಲಿಲ್ಲ.
ಎರಡನೇ ಕ್ಲಾಸಿನ ಅಫ್ನಾನನ
ಒಂದು ಚಪ್ಪಲಿ ಚಕ್ರದಡಿ ಹೋಯಿತು,
ಕಾಲು ಹೋಗಲಿಲ್ಲ.
ಆ ಚಪ್ಪಲಿಯನ್ನು ಅವರಮ್ಮ ಎಸೆದಿಲ್ಲ;
ಎಲ್ಲಿಟ್ಟಿದ್ದೀ ಎಂದು ನಾನೂ ಕೇಳಿಲ್ಲ.

ನಗರಸಭೆಗೆ ಹೋದೆವು. ಹಂಪ್ ಬೇಕು ಸಾರ್.
"ಹಂಪಿಗೆ ಮೇಲಿಂದ ಆರ್ಡರು ಬರಬೇಕು,
ಪೊಲೀಸಿನವರು ಒಪ್ಪಬೇಕು, ಅಳತೆಯಾಗಬೇಕು.
ಮೊನ್ನೆ ತಾನೇ ನುಣ್ಣಗೆ ಮಾಡಿಕೊಟ್ಟೆವಲ್ಲಮ್ಮ,
ನಿಮ್ಮದೇ ಅರ್ಜಿ."
ನನ್ನ ಅಕ್ಷರ ನನಗೇ ತೋರಿಸಿದರು.

ದಾರಿಯುದ್ದ ಯೋಚಿಸಿದೆ.
ಸಡಿಲವಾದ ರವಿಕೆಗೆ ಏನು ಮಾಡುತ್ತೇನೆ?
ಒಂದು ಟಕ್ ಹಿಡಿಯುತ್ತೇನೆ.
ಅದಕ್ಕೆ ಮೇಲಿಂದ ಏನೂ ಬರಬೇಕಿಲ್ಲ.

ಉಪಾಯ ಹೊಳೆದದ್ದು ಮಾತ್ರ ಹಾಲಮ್ಮನಿಗೆ,
ಅಂಗನವಾಡಿಯಲ್ಲಿ ಮೂವತ್ತು ವರ್ಷ ಉಪ್ಪಿಟ್ಟು ಕಲಸಿದವಳಿಗೆ:
"ನಲ್ಲಿಗೆ ರಸ್ತೆ ಅಗೆಯೋಕೆ ಪರ್ಮಿಶನ್ ಕೊಡ್ತಾರಲ್ಲ,
ಅಗೆದೋರು ಯಾರಾದ್ರೂ ಮಟ್ಟಸವಾಗಿ ಮುಚ್ಚಿದ್ದುಂಟಾ?"

ಅವಳ ಮನೆಗೆ ನಲ್ಲಿ ಇದೆ.
ದಿನ ಬಿಟ್ಟು ದಿನ ನೀರೂ ಇದೆ.
ಎರಡನೇ ನಲ್ಲಿಗೆ ಅರ್ಜಿ ಹಾಕಿದಳು.
ಚೀಟಿ ದುಡ್ಡಲ್ಲಿ ಫೀಜು ಕಟ್ಟಿದೆವು, ಸೀಲು ಬಿತ್ತು:
ರಸ್ತೆ ಕತ್ತರಿಸಲು ಅನುಮತಿ.
ಕತ್ತರಿಸುವುದು ನನಗೇನು ಹೊಸತೆ?
ಸೀಮೆಸುಣ್ಣದಲ್ಲಿ ಗೆರೆ ನಾನೇ ಎಳೆದೆ,
ಈ ಚರಂಡಿಯಿಂದ ಆ ಚರಂಡಿಗೆ.

ಶುಕ್ರವಾರ ರಾತ್ರಿ ಹಾರೆ, ಗುದ್ದಲಿ, ಒಂದು ಫ್ಲಾಸ್ಕು ಟೀ.
ಪೈಪು ಮಲಗಿಸಿ ಮಣ್ಣು ಮುಚ್ಚಿದೆವು,
ಹೆಚ್ಚಿಗೇ ಮುಚ್ಚಿದೆವು, ತುಳಿದೆವು.
ಹೊಸ ಚಪ್ಪಲಿಯ ಅಫ್ನಾನ್
ಮಲಗು ಅಂದರೂ ಕೇಳದೆ ತುಳಿದ.

ಬೆಳಿಗ್ಗೆ ಮೊದಲ ಕಾರು
ಕೀರಿತು. ನಿಂತಿತು.
ಮೆಲ್ಲಗೆ ಮೂಗೆತ್ತಿ, ಮೆಲ್ಲಗೆ ಇಳಿಸಿತು.
ಗಾಜು ಕೆಳಗಾಯಿತು.
ಒಳಗೆ ಮನುಷ್ಯರಿದ್ದರು!
ವಾಂತಿ ತಡೆದು ಕೂತ ಒಬ್ಬಳು ಹುಡುಗಿ,
ಚಿಪ್ಸಿನ ಪೊಟ್ಟಣದ ಜೊತೆ ನಿದ್ದೆಹೋದ ಅಜ್ಜಿ.
"ಆಂಟಿ, ಇಲ್ಯಾಕೆ ಹಂಪು?"
"ಹಂಪಲ್ಲಪ್ಪ, ನಲ್ಲಿ."
ಹುಡುಗಿ ನನ್ನ ಬಾಗಿಲಲ್ಲಿ ತೂಗಿದ ನೀಲಿ ಲಂಗ ನೋಡಿದಳು.
ನಾನು ಅಜ್ಜಿಯ ರವಿಕೆಯ ಬಿಚ್ಚಿದ ಹೊಲಿಗೆ ನೋಡಿದೆ.
ಅಷ್ಟರಲ್ಲಿ ತೀರ್ಥಪ್ಪನವರು ದಾಟಿಯೇಬಿಟ್ಟಿದ್ದರು;
ಹನ್ನೊಂದಕ್ಕೂ ಬಂದಿರಲಿಲ್ಲ ಎಣಿಕೆ.

ಈಗ ಆಷಾಢ. ಮಣ್ಣು ಕೂರುತ್ತಿದೆ,
ವಾರಕ್ಕೊಂದು ಬೆರಳಿನಷ್ಟು.
ನಿನ್ನೆ ಒಂದು ಬೈಕು ನಿಲ್ಲದೆ ಹಾರಿ ಹೋಯಿತು.
ಹಾಲಮ್ಮ ಹೊಸ ಫಾರಂ ತಂದು
ಮಿಷನ್ನಿನ ಮೇಲಿಟ್ಟಿದ್ದಾಳೆ.
ಈ ಸಲ ನನ್ನ ಹೆಸರು, ನನ್ನ ಮನೆ ನಂಬರು.
ಎರಡನೇ ನಲ್ಲಿ ಬೇಕಾದ ಕಾರಣ
ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

"ಬಾಯಾರಿಕೆ ಅಂತ ಬರಿಯೇ," ಅನ್ನುತ್ತಾಳೆ.