ಗಾಳಿ ಕಮ್ಮಿ ಬಿಡಿ

ಮೂರನೇ ಸಲ ಬರೆದಾಗ ರ‍್ಯಾಂಕು ಒಂಬೈನೂರ ನಾಲ್ಕು.
ಮೊದಲ ಸುತ್ತಿನಲ್ಲಿ ಸೀಟಿಲ್ಲ, ಎರಡನೆಯದರಲ್ಲೂ ಇಲ್ಲ.
ಉಳಿದಬಳಿದ ಸೀಟುಗಳ ಕೊನೆಯ ಸುತ್ತಿನ ದಿನ
ಮಾರ್ಕೆಟ್ಟಿನ ಮೇಲ್ಸೇತುವೆಯ ನಡುಮಧ್ಯೆ
ಬಸ್ಸು ನಿಂತಲ್ಲೇ ನಿಂತಿತ್ತು,
ಫೋನಿನ ಪುಟ ತಿರುಗುತ್ತಲೇ ಇತ್ತು.
ಪಕ್ಕದಲ್ಲಿ ಸೇವಂತಿಗೆ ಕುಕ್ಕೆ ಹಿಡಿದಿದ್ದವಳು ಕೇಳಿದಳು:
‘ಯಾಕವ್ವ ಅಳ್ತೀಯ?’
‘ಸೀಟು ಸಿಕ್ತು’ ಅಂದೆ.
‘ಆಗ್ಲಿಂದ ಕೂತೇ ಇದ್ದೀಯಲ್ಲ’ ಅಂದಳು.

ಹರಿಹರದಲ್ಲಿ ಅಪ್ಪ ಹೊಲಿಗೆ ಯಂತ್ರ ನಿಲ್ಲಿಸಿ
‘ಅಂದ್ರೆ ಗ್ಯಾಸ್ಟ್ರಿಕ್ ಡಾಕ್ಟರಾ?’
ಹೌದು ಅನ್ನದೆ ಬೇರೆ ದಾರಿಯಿರಲಿಲ್ಲ.
‘ಹಂಗಾರೆ ಊರ ತುಂಬ ಗಿರಾಕಿ’
ಅಂದು ಮತ್ತೆ ಪೆಡಲು ತುಳಿದ.

ಮೂವತ್ಮೂರನೇ ವಯಸ್ಸಿಗೆ ಮತ್ತೆ ಮೊದಲನೇ ವರ್ಷ.
ಜೊತೆಗೆ ಓದಿದ ಚಂದ್ರಮೌಳಿ ಯಲಹಂಕದಲ್ಲಿ
ಸ್ವಂತ ಕ್ಲಿನಿಕ್ಕಿನ ಎರಡನೇ ಮಹಡಿ ಕಟ್ಟಿಸುತ್ತಿದ್ದಾನೆ.
ಹೊಟ್ಟೆಕಿಚ್ಚು ಇರುವ ಜಾಗ
ಇದುವರೆಗೆ ಯಾವ ಸ್ಕೋಪಿನಲ್ಲೂ ನನಗೆ ಕಂಡಿಲ್ಲ.
ಇದೆ ಅನ್ನುವುದಷ್ಟೇ ಗೊತ್ತು.

ಸ್ಕೋಪು ತೊಳೆಯುವ ಅಂತೋಣಪ್ಪನಿಗೆ ಇಲ್ಲಿ ಇಪ್ಪತ್ತಾರು ವರ್ಷ.
ಔಷಧದ ನೀರು ತಿಂದು ಬೆರಳ ತುದಿಗಳು ಬೆಳ್ಳಗಾಗಿವೆ.
ಪ್ರೊಫೆಸರು ಹೇಳುವುದು: ನೋಡು, ಅವಸರ ಬೇಡ, ನೋಡು.
ಸೀನಿಯರು ರುಕ್ಸಾರ್ ಹೇಳುವುದು: ಬೇಗ, ಹೊರಗೆ ಮೂವತ್ತು ಜನ.
ಅಂತೋಣಪ್ಪ ಗೋಡೆಗೆ ಮುಖಮಾಡಿ
ಯಾರಿಗೂ ಅಲ್ಲವೆಂಬಂತೆ:
‘ಗಾಳಿ ಕಮ್ಮಿ ಬಿಡಿ ಮೇಡಂ.
ಹೊಟ್ಟೆ ಅದು, ಬಲೂನಲ್ಲ.’

ದೊಡ್ಡ ಕರುಳಿನ ಎರಡನೇ ತಿರುವಿನಲ್ಲಿ
ಮುಕ್ಕಾಲು ಗಂಟೆ ಸಿಕ್ಕಿಕೊಂಡ ದಿನ
ಅಜ್ಜಿಯೊಬ್ಬಳು ಹಲ್ಲು ಕಚ್ಚಿ ಮಲಗಿದ್ದಳು.
ನಾಚಬೇಡಿ, ಬಂದರೆ ಬಿಟ್ಟುಬಿಡಿ ಅಂದೆ.
‘ಗಂಡನ ಮುಂದೇನೇ ಬಿಟ್ಟೋಳಲ್ಲ ನಾನು’ ಅಂದಳು.
ಆಮೇಲೆ ಬಿಟ್ಟಳು.
ಕೋಣೆಯೆಲ್ಲ ನಕ್ಕಿತು, ಮೊದಲು ಅವಳೇ.
ಕರುಳು ಸಡಿಲಾಗಿ ದಾರಿ ತಾನಾಗಿ ತೆರೆಯಿತು.

ಆಷಾಢದ ಒಂದು ರಾತ್ರಿ, ಎರಡು ನಲವತ್ತು.
ತರಕಾರಿ ಮೂಟೆ ಹೊರುವ ವೀರಭದ್ರ, ವಯಸ್ಸು ನಲವತ್ತೊಂದು.
ನೀಲಿ ಬಕೆಟ್ಟಿನಲ್ಲಿ ಅವನು ಕಾರಿದ್ದನ್ನು
ತುಳುಕದ ಹಾಗೆ ಹಿಡಿದು ತಂದಿದ್ದಳು ಹೆಂಡತಿ,
ತೋರಿಸದಿದ್ದರೆ ನಂಬುವುದಿಲ್ಲವೇನೋ ನಾವು.
‘ಮಾದಪ್ಪನ ಮೇಲೆ ಆಣೆ ಇಟ್ಟು ಕುಡಿದವ್ನೆ,
ತಪ್ಪಾಯ್ತು, ಹೊಟ್ಟೆಗಾಕ್ಕೊಳ್ಳಿ ಡಾಕ್ಟ್ರೆ.’

ಅನ್ನನಾಳದ ಕೊನೆಯಲ್ಲಿ ಉಬ್ಬಿ ನಿಂತ ನಾಳಗಳು,
ಒಂದರ ನೆತ್ತಿಯಿಂದ ಚಿಮ್ಮುವ ಎಳೆ.
ಹೀರು. ಪರದೆ ಪೂರ್ತಿ ಕೆಂಪಾಗುವ ತನಕ ಕಾಯಿ.
ಗುಬ್ಬಿ ತಿರುಗಿಸು.
ಮೊದಲ ರಬ್ಬರು ಉಂಗುರ ಜಾರಿತು.
ಎರಡನೆಯದೂ.
ರುಕ್ಸಾರ್ ಹಿಂದೆ ನಿಂತಿದ್ದಳು, ಕೈ ಜೇಬಿನಲ್ಲಿ;
ಕಿತ್ತುಕೊಳ್ಳಲಿ ಎಂದು ನಾನು ಬೇಡಿಕೊಂಡೆ, ಅವಳು ಕಿತ್ತುಕೊಳ್ಳಲಿಲ್ಲ.
‘ಗಾಳಿ ಬಿಡಿ ಮೇಡಂ’ ಅಂದ ಅಂತೋಣಪ್ಪ.
ಗುಂಡಿಯ ಮೇಲಿನ ಬೆರಳು ನೋಡಿಕೊಂಡೆ.
‘ಅದಲ್ಲ. ನಿಮ್ದು. ಉಸಿರು.’

ಮೂರನೆಯದು ಕೂತಿತು.
ಐದು ಕಟ್ಟಿದೆವು.

ಬೆಳಗಿನ ಆರಕ್ಕೆ ಕಾರಿಡಾರಿನಲ್ಲಿ
ಖಾಲಿ ಬಕೆಟ್ಟು ಮಡಿಲಲ್ಲಿಟ್ಟುಕೊಂಡು ಅವಳು ಕೇಳಿದಳು:
‘ಒಳಗೆ ಏನಿತ್ತು?’
ರಕ್ತನಾಳ ಊದಿತ್ತಮ್ಮ, ಕಟ್ಟಿದ್ದೀವಿ.
‘ಅಷ್ಟೇನಾ?’
ಸುಮ್ಮನಿದ್ದೆ.
‘ಹದಿನೆಂಟು ವರ್ಷ ಒಂದು ಮಾತು ಆಡಿದವನಲ್ಲ.
ಏನೇನೋ ಇಟ್ಕೊಂಡವ್ನೆ ಒಳಗೆ ಅನ್ಕೊಂಡಿದ್ದೆ.’

ತೊಳೆಯುವ ಕೋಣೆಯಲ್ಲಿ ಅಂತೋಣಪ್ಪ
ಸ್ಕೋಪನ್ನು ನೀರಲ್ಲಿ ಮುಳುಗಿಸಿ ಗಾಳಿ ಹಾಯಿಸುತ್ತಿದ್ದ.
ಎಲ್ಲಾದರೂ ಗುಳ್ಳೆ ಎದ್ದರೆ ಅಲ್ಲಿ ತೂತು.
ಇಬ್ಬರೂ ಬಗ್ಗಿ ನೋಡಿದೆವು.
ಹೊರಗೆ ಆಗಲೇ ಯಾರೋ ಚೀಟಿ ಹಿಡಿದು ಕೂಗುತ್ತಿದ್ದರು,
ಖಾಲಿ ಹೊಟ್ಟೆಯಲ್ಲಿ ಬಂದವರು, ರಾತ್ರಿಯಿಂದ ನೀರೂ ಕುಡಿಯದವರು.