ಪೂರ್ವಾರ್ಹತೆ

ಹಿಮ ಒದರಿ ಬಾ ಕೈಸಾ,
ನಿನ್ನ ಬೂಟಿನ ನೀರು ಈ ಕಡತಗಳಿಗೆ ಆಗದು.
ಮೂರು ಗಂಟೆಗೇ ತಾರ್ತುವಿನಲ್ಲಿ ದೀಪ ಹಚ್ಚಬೇಕು,
ನಿನ್ನ ಅಂಕಪಟ್ಟಿಗೆ ಕನ್ನಡಕ ಬೇರೆ.

ಕಲನಶಾಸ್ತ್ರ ಒಂದು, ಪಾಸು.
ಎರಡು, ಉಸಿರು ಬಿಗಿಹಿಡಿದು ಪಾಸು.
ಕಂಪೈಲರ್‌ಗೆ ಇಷ್ಟೊಂದು ಅಂಕವೇ! ಭೇಷ್.
ಭೌತಶಾಸ್ತ್ರದ ಲ್ಯಾಬೊಂದು ಉಳಿದಿದೆ, ವಸಂತಕ್ಕೆ ಆದೀತು.
ಉಪವಿಷಯ: ಭಾಷಾಶಾಸ್ತ್ರ.
ಯಾಕೆ ಅಂತ ಕೇಳಿದ್ದಕ್ಕೆ ಅವತ್ತು ಹೇಳಿದ್ದೆ,
ಅಜ್ಜಿಯ ವೋರು ಮಾತನ್ನು ಯಂತ್ರ
ತಪ್ಪು ತಪ್ಪಾಗಿ ಕೇಳಿಸಿಕೊಳ್ಳುತ್ತದೆ ಎಂದು.

ಈಗ ತೊಡಕು ನೋಡು.
ಭಾಷಾ ಸಂಸ್ಕರಣದ ತರಗತಿಗೆ ಕೂರಲು
ಪದರಚನೆ ಮುಗಿಸಿರಬೇಕು.
ಪದರಚನೆಗೆ ಕೂರಲು, ನೀವು ಕಂಪ್ಯೂಟರಿನವರಾದರೆ,
ಭಾಷಾ ಸಂಸ್ಕರಣ ಮುಗಿಸಿರಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಇದನ್ನು ಬರೆದ ಸಮಿತಿಯಲ್ಲಿ ಐವರಿದ್ದರು;
ಅವರಲ್ಲೊಬ್ಬರು
ಗ್ರಾಫಿನಲ್ಲಿ ಸುತ್ತು ಹುಡುಕುವುದು ಹೇಗೆಂದು
ನಿನಗೆ ಕಲಿಸಿದವರೇ.

ಇಪ್ಪತ್ತಾರು ವರ್ಷದಿಂದ ಈ ಕಿಟಕಿಯಲ್ಲಿದ್ದೇನೆ.
ಪದವಿಯೇನೂ ಇಲ್ಲ ನನಗೆ.
ಸಂಜೆ ಮನೆಯಲ್ಲಿ ಕೈಗವಸು ಹೆಣೆಯುತ್ತೇನೆ,
ನೂಲು ಗಂಟುಬಿದ್ದರೆ ಎಳೆಯಬಾರದು,
ಒಂದು ಕಡೆ ಸಡಿಲಿಸಬೇಕು.
ಅಷ್ಟು ಗೊತ್ತು.

ಆ ಹಳದಿ ಅರ್ಜಿ ತಾ.
ವಿನಾಯಿತಿಗೆ ಕಾರಣ ಎಂದಿರುವಲ್ಲಿ
ಅಜ್ಜಿಯ ಹೆಸರು ಬರೆ.
ಬರಿಯ ಹೆಸರು ಸಾಲದು, ವಿಭಕ್ತಿ ಹಚ್ಚು;
ನಮ್ಮ ಭಾಷೆಯಲ್ಲಿ ಹದಿನಾಲ್ಕಿವೆ,
'ಅವಳಿಗಾಗಿ' ಎನ್ನುವಂಥದ್ದು ಯಾವುದಾದರೂ ಇದ್ದೀತು.
ಇಲ್ಲದಿದ್ದರೂ ಬರೆ.

ಸೀಲಿನ ಮಸಿ ಚಳಿಗೆ ಗಟ್ಟಿಯಾಗಿದೆ.
ತಾಳು,
ಬಾಯಾವಿ ಕೊಟ್ಟು ಒತ್ತುತ್ತೇನೆ.